ಹಳೆಯ ಯೆಜ್ಡಿಗೆ ಬುಲೆಟ್ಟಿನ ಗಿಡ್ಡ ಸೈಲೆನ್ಸರ್ ಕೂರಿಸಬಹುದೇ?

ನಿಮ್ಮ ತಂದೆಯವರು 1980ರ ದಶಕದಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್‌ನ ಎರಡೂ ಸೈಲೆನ್ಸರ್‌ಗಳು ತಳದಲ್ಲಿ ತುಕ್ಕು ಹಿಡಿದು ತೂತಾಗಿವೆ, ಕಂಪನಿಯ ಅಸಲಿ ಮಾಲು ಸಿಗುತ್ತಿಲ್ಲ, ಗ್ಯಾರೇಜಿನವರು ಬುಲೆಟ್ಟಿಗೆ ಹಾಕುವ ಗಿಡ್ಡ ಸೈಲೆನ್ಸರ್ ಕೂರಿಸಿಕೊಡುತ್ತೇವೆ ಎನ್ನುತ್ತಿದ್ದಾರೆ, ಹಾಗೆ ಮಾಡಿಸಬಹುದೇ ಎಂದು ಕೇಳಿದ್ದೀರಿ. ಹೊರಗೆ ತಯಾರಾದ ಸೈಲೆನ್ಸರ್ ಹಾಕಿಸಲು ಅಡ್ಡಿಯೇನೂ ಇಲ್ಲ. ಆದರೆ ಅದು ಯೆಜ್ಡಿಗೆಂದೇ ಮಾಡಿದ್ದಾಗಿರಬೇಕು, ಬುಲೆಟ್ಟಿನದು ಖಂಡಿತ ಬೇಡ. ನಾನು ಮೆಕ್ಯಾನಿಕ್ ಅಲ್ಲ, ಆದರೂ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ಬಹುಕಾಲದಿಂದ ನನ್ನ ಕೈಯಲ್ಲೇ ಬಿಚ್ಚಿ ಜೋಡಿಸುತ್ತಾ ಬಂದಿರುವುದರಿಂದ, ಈ ಉತ್ತರದ ಹಿಂದಿನ ಕಾರಣವನ್ನೂ ಕೆಲಸದ ಕ್ರಮವನ್ನೂ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬುಲೆಟ್ಟಿನದು ಫೋರ್ ಸ್ಟ್ರೋಕ್ ಎಂಜಿನ್. ಹೊಗೆ ಯಾವಾಗ ಹೊರಹೋಗಬೇಕು ಎಂಬುದನ್ನು ಅದರಲ್ಲಿ ವಾಲ್ವ್ ನಿರ್ಧರಿಸುತ್ತದೆ. ಯೆಜ್ಡಿಯದು 65 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಸರಿಯುವ ದೂರ) ಇರುವ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ವಾಲ್ವ್ ಇಲ್ಲ, ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತಾ ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳನ್ನು, ಅಂದರೆ ಕಂಡಿಗಳನ್ನು, ತೆರೆದು ಮುಚ್ಚುತ್ತದೆ. ಪಿಸ್ಟನ್ ಕೆಳಗಿಳಿದಾಗ ಸುಟ್ಟ ಹೊಗೆ ಹೊರಹೋಗುವ ದಾರಿಯೂ ಹೊಸ ಪೆಟ್ರೋಲ್ ಮಿಶ್ರಣ ಒಳಬರುವ ದಾರಿಯೂ ಏಕಕಾಲಕ್ಕೆ ತೆರೆದಿರುವುದರಿಂದ, ಬಂದ ಮಿಶ್ರಣದಲ್ಲಿ ಒಂದು ಪಾಲು ಸುಡದೆಯೇ ಹೊಗೆಯ ಹಿಂದೆ ಹೊರಟುಹೋಗುವ ಸಂಭವ ಯಾವಾಗಲೂ ಇರುತ್ತದೆ. ಅದನ್ನು ತಡೆಯುವುದರಲ್ಲಿ ಸೈಲೆನ್ಸರಿನ ಪಾಲು ದೊಡ್ಡದು. ಬಾವಿಗೆ ಬಾಗಿ ಕೂಗಿದರೆ ದನಿ ತಿರುಗಿ ಬರುವಂತೆ, ಪೋರ್ಟ್ ತೆರೆದ ಕ್ಷಣ ಹೊರಟ ಒತ್ತಡದ ಅಲೆ ಸೈಲೆನ್ಸರಿನ ಒಳಗೋಡೆಗೂ ಅದರೊಳಗೆ ಕೂರಿಸಿದ ತೂತುಗಳಿರುವ ತಡೆಯಾದ ಬಾಫಲ್‌ಗೂ ತಾಗಿ ಹಿಂತಿರುಗುತ್ತದೆ. ಅದು ಸರಿಯಾದ ಸಮಯಕ್ಕೆ ಬಂದರೆ, ಹೊರಟಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿನತ್ತ ಹಿಂದಕ್ಕೆ ತಳ್ಳುತ್ತದೆ. ಅಂದರೆ ಪೈಪಿನ ಉದ್ದ, ಡಬ್ಬಿಯ ಒಳಗಾತ್ರ, ಬಾಫಲ್‌ನ ತೂತುಗಳು, ಹಿಂತುದಿಯ ಬಾಯಿ ಇವೆಲ್ಲವೂ ಎಂಜಿನ್ನಿನ ಲೆಕ್ಕಾಚಾರಕ್ಕೇ ಸೇರಿದವು.

ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಇದೇ ಅಲೆಯ ಮೇಲೆ ಹಿಡಿತ ಸಾಧಿಸಿ ರೇಸಿನ ಟೂ ಸ್ಟ್ರೋಕ್ ಎಂಜಿನ್ನುಗಳ ಶಕ್ತಿಯನ್ನು ಎಲ್ಲಿಂದ ಎಲ್ಲಿಗೋ ಒಯ್ದರು. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಆ ತಿಳಿವಳಿಕೆಯೊಂದಿಗೆ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಜುಕಿಯನ್ನು ಸೇರಿದ. ಮುಂದೆ ಯೆಜ್ಡಿಯನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದ್ದೂ ಅದೇ 1961ರಲ್ಲಿ ಎಂಬುದು ಕಾಕತಾಳೀಯ. ನಮ್ಮ ಗಾಡಿಯ ಸೈಲೆನ್ಸರ್ ರೇಸಿನ ಮಾಲಲ್ಲ, ಆದರೆ ಅದರಲ್ಲಿ ಕೆಲಸ ಮಾಡುವ ತತ್ವ ಬೇರೆಯಲ್ಲ.

ನಿಮ್ಮ ಗ್ಯಾರೇಜಿನವರು ಹೇಳುವ ಗಿಡ್ಡ ಸೈಲೆನ್ಸರಿನಲ್ಲಿ ಸಾಮಾನ್ಯವಾಗಿ ನೇರವಾದ ತೂತುಕೊಳವೆಯೊಂದಿದ್ದು, ಅದರ ಸುತ್ತ ಗ್ಲಾಸ್ ವೂಲ್ ತುಂಬಿರುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಗಾಡಿಯಲ್ಲಿ ಆ ಉಣ್ಣೆ ಎಣ್ಣೆ ಕುಡಿದು ಮುದ್ದೆಯಾಗಿ ಬೇಗನೆ ನಿಷ್ಪ್ರಯೋಜಕವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲೆ ತಾಗಿ ತಿರುಗಬೇಕಾದ ಗೋಡೆಯೇ ಅಲ್ಲಿಲ್ಲ. ಆದ್ದರಿಂದ ಸದ್ದು ಏರುತ್ತದೆ, ಯೆಜ್ಡಿಯ ನಿಜವಾದ ಬಲವೇ ಆಗಿರುವ, ಕೆಳ ಆರ್‌ಪಿಎಂನಲ್ಲಿ ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಸಿಗುವ ಎಳೆತ ಇಳಿಯುತ್ತದೆ, ಪೆಟ್ರೋಲ್ ಖರ್ಚು ಹೆಚ್ಚುತ್ತದೆ. ಬಾಫಲ್ ಕಿತ್ತೆಸೆದು ಓಡಿಸುವವರ ಗಾಡಿಗೂ ಇದೇ ಗತಿ. ಸದ್ದು ದೊಡ್ಡದಾದ ಕಾರಣ ಗಾಡಿ ಜೋರಾಗಿ ಹೋಗುತ್ತಿದೆ ಎಂಬ ಭ್ರಮೆ ಅವರಿಗೆ ಉಂಟಾಗುತ್ತದೆ, ಅಷ್ಟೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಬ್ದವನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಪ್ರತಿ ವಾಹನಕ್ಕೂ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೇ ನಿಯಮವಿದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಮೂಲ ಮಾದರಿಯಂತೆಯೇ ಇರುವ ಸೈಲೆನ್ಸರ್ ಬಾಫಲ್ ಸಮೇತ ಇದ್ದರೆ ಈ ತಲೆನೋವೇ ಇರುವುದಿಲ್ಲ.

ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಒಮ್ಮೆ ಸರಿಯಾಗಿ ನೋಡಿ. ಹಿಂತುದಿಯ ಬೋಲ್ಟ್ ಬಿಚ್ಚಿ ಬಾಫಲ್ ಹೊರಗೆಳೆದರೆ, ಡಾಂಬರಿನಂತಹ ಕರಿ ಕಾರ್ಬನ್ ಅದರ ತೂತುಗಳನ್ನು ಮುಕ್ಕಾಲು ಪಾಲು ಮುಚ್ಚಿರುವುದು ಎಷ್ಟೋ ಗಾಡಿಗಳಲ್ಲಿ ಕಾಣುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆದರೆ ಮೇಲಿನ ಪದರ ಜಿಗುಟಾಗಿ ಎದ್ದುಬರುತ್ತದೆ, ಒಳಗಿನದು ಇದ್ದಿಲಿನಂತೆ ಗಟ್ಟಿಯಾಗಿರುತ್ತದೆ. ಬಾಫಲ್ಲನ್ನು ಬ್ಲೋ ಲ್ಯಾಂಪಿನಲ್ಲಿ ಕಾಯಿಸಿ ತಂತಿ ಬ್ರಷ್ಷಿನಿಂದ ಉಜ್ಜಿದರೆ ಅದು ಸ್ವಚ್ಛವಾಗುತ್ತದೆ. ಹೊರ ಡಬ್ಬಿಯನ್ನು ಮಾತ್ರ ಬೆಂಕಿಗೆ ಹಿಡಿಯಬೇಡಿ, ಕ್ರೋಮ್ ಹಾಳಾಗುತ್ತದೆ. ಡಬ್ಬಿಯ ಒಳಗನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುವವರಿದ್ದಾರೆ. ಹಾಗೆ ಮಾಡುವುದಾದರೆ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಮತ್ತು ಅಲ್ಯುಮಿನಿಯಮ್ಮಿನ ಯಾವ ಭಾಗವೂ ಅದಕ್ಕೆ ಸೋಕಬಾರದು. ತೂತು ಒಂದೆರಡೇ ಇದ್ದು ಸುತ್ತಲಿನ ತಗಡು ಗಟ್ಟಿಯಾಗಿದ್ದರೆ ಬೆಸುಗೆ ಹಾಕಿಸಿ ಹೊಸದಾಗಿ ಕ್ರೋಮ್ ಮಾಡಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಕಾಲದ ತಗಡು ಇಂದಿನ ಮಾರುಕಟ್ಟೆಯ ಮಾಲಿಗಿಂತ ಬಹುಪಾಲು ದಪ್ಪ. ಬೆರಳಿನಿಂದ ಒತ್ತಿದರೇ ತಗಡು ಒಳಹೋಗುತ್ತಿದ್ದರೆ ಆ ಆಸೆ ಬಿಡಿ.

ಕೊಳ್ಳುವಾಗ ಎರಡನ್ನೂ ಒಟ್ಟಿಗೆ, ಒಂದೇ ತಯಾರಕರದ್ದನ್ನು ಕೊಳ್ಳಬೇಕು. ಒಂದೇ ಸಿಲಿಂಡರಿನ ಹೊಗೆ ಎರಡು ಪೋರ್ಟುಗಳಲ್ಲಿ ಹಂಚಿಹೋಗುವ ಈ ಗಾಡಿಯಲ್ಲಿ ಒಂದು ಕಡೆ ಸರಾಗವಾಗಿ, ಇನ್ನೊಂದು ಕಡೆ ಬಿಗಿಯಾಗಿ ಇದ್ದರೆ ಸದ್ದು ಒಂದೇ ಬದಿಗೆ ವಾಲುತ್ತದೆ, ಕಾರ್ಬನ್ ಕೂಡ ಬಿಗಿಯಾದ ಬದಿಯಲ್ಲಿ ಬೇಗ ಕಟ್ಟುತ್ತದೆ. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿದ ಮೇಲೂ ಗಾಡಿಗಳ ಅಭಿಮಾನಿಗಳು ಕಡಿಮೆಯಾಗದ ಕಾರಣ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಮೈಸೂರಿನಲ್ಲೂ ಹುಡುಕಿದರೆ ಹೊಸದಾಗಿ ತಯಾರಾದ ಜೋಡಿ ಸಿಗುತ್ತದೆ. ಹಳೆಯ ಸೈಲೆನ್ಸರನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಎರಡನ್ನೂ ಪಕ್ಕಪಕ್ಕ ಇಟ್ಟು ಉದ್ದ ಮತ್ತು ದಪ್ಪವನ್ನು ಹೋಲಿಸಿ, ತೂಕ ನೋಡಿ, ಬಾಫಲ್ ಬಿಚ್ಚಿಸಿ ಅದರ ತೂತುಗಳನ್ನು ನೋಡಿ. ಅಂಗಡಿಯವರು ಬಾಫಲ್ ಬಿಚ್ಚಲು ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಹೊಳಪಿಗೆ ಮರುಳಾಗಬೇಡಿ, ಕ್ರೋಮ್ ತೆಳುವಾಗಿದ್ದರೆ ಒಂದು ಮಳೆಗಾಲದಲ್ಲೇ, ಕರಾವಳಿಯಾದರೆ ಅದಕ್ಕೂ ಮೊದಲೇ ಅದರ ಬಣ್ಣ ಬಯಲಾಗುತ್ತದೆ.

ಸಿಲಿಂಡರಿನಿಂದ ಸೈಲೆನ್ಸರಿಗೆ ಬರುವ ಬಾಗಿದ ಕೊಳವೆಯಾದ ಬೆಂಡ್ ಪೈಪ್ ಸೈಲೆನ್ಸರಿನ ಬಾಯೊಳಗೆ ಕೂರುವ ಜಾಗವನ್ನು ವರ್ನಿಯರ್ ಕ್ಯಾಲಿಪರಿನಿಂದಲೇ ಅಳೆಯಬೇಕು. ಹಳೆಯ ಪೈಪಿನ ತುದಿ ಕ್ಲಾಂಪಿನ ಒತ್ತಡಕ್ಕೆ ಅಂಡಾಕಾರವಾಗಿರುವುದು ಸಾಮಾನ್ಯ, ಆದ್ದರಿಂದ ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನಲ್ಲಿ ಅಳೆದು ನೋಡಿ. ಕೈಯಿಂದ ತಿರುಗಿಸಿದರೆ ಬಿಗಿಯಾಗಿ ಒಳಹೋಗುವಷ್ಟು ಸಂದು ಇದ್ದರೆ ಸಾಕು. ಸಂದು ಹೆಚ್ಚಾಗಿದ್ದರೆ ಲೇತಿನಲ್ಲಿ ಒಂದು ತೆಳುವಾದ ಬುಷ್ ಮಾಡಿಸಿ ಹಾಕಬೇಕೇ ಹೊರತು, ತಗಡಿನ ಚೂರು ತುರುಕುವುದಾಗಲಿ ಎಪಾಕ್ಸಿ ಪುಟ್ಟಿ ಮೆತ್ತುವುದಾಗಲಿ ಸಲ್ಲದು. ಪುಟ್ಟಿ ಆ ಕಾವಿಗೆ ಸುಟ್ಟು ಉದುರುತ್ತದೆ.

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಅಂಜಿಕೆ ಇರುವುದು ಬೆಂಡ್ ಪೈಪನ್ನು ಸಿಲಿಂಡರಿನ ಬಾಯಿಗೆ ಹಿಡಿದಿಡುವ ರೆಕ್ಕೆಯ ನಟ್ಟಿನ ಬಗ್ಗೆ. ಅದನ್ನು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ. ರೆಕ್ಕೆ ಮುರಿದರೆ ನಟ್ ಬದಲಿಸಬಹುದು, ಸಿಲಿಂಡರಿನ ಥ್ರೆಡ್ ಹೋದರೆ ರಿಪೇರಿ ಬಹಳ ದುಬಾರಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮರುದಿನ ಅಳತೆಗೆ ಸರಿಯಾದ ಸಿ ಸ್ಪ್ಯಾನರಿನಿಂದ (ಕೊಕ್ಕೆಯಾಕಾರದ ಪಾನಾ) ಹಿಂದೆ ಮುಂದೆ ಸ್ವಲ್ಪ ಸ್ವಲ್ಪವಾಗಿ ಆಡಿಸಿ ಬಿಚ್ಚಿಸಿ. ಬೆಂಡ್ ಪೈಪ್ ಚೆನ್ನಾಗಿದ್ದು ಅಲ್ಲಿ ಹೊಗೆ ಸೋರುತ್ತಿಲ್ಲವಾದರೆ ನಟ್ಟನ್ನು ಪೂರ್ತಿ ತೆಗೆಯುವ ಅಗತ್ಯವೇ ಇಲ್ಲ, ಪೈಪ್ ಸ್ವಲ್ಪ ಆಡುವಷ್ಟು ಸಡಿಲಿಸಿದರೆ ಸಾಕು. ತೆಗೆದಿದ್ದರೆ ಮಾತ್ರ ಹೊಸ ಗ್ಯಾಸ್ಕೆಟ್ ಹಾಕಿ, ಥ್ರೆಡ್ಡಿಗೆ ತಾಮ್ರದ ಗ್ರೀಸ್ ಸವರಿ, ಮೊದಲ ಸುತ್ತುಗಳನ್ನು ಕೈಯಿಂದಲೇ ಹತ್ತಿಸಬೇಕು.

ಜೋಡಿಸುವಾಗ ಸಿಲಿಂಡರಿನಿಂದ ಆರಂಭಿಸಿ ಹಿಂದಕ್ಕೆ ಬನ್ನಿ, ಯಾವುದನ್ನೂ ಬಿಗಿ ಮಾಡದೆ. ನಟ್ ಸಡಿಲ, ಕ್ಲಾಂಪ್ ಸಡಿಲ, ಹಿಂದಿನ ಬ್ರಾಕೆಟ್ಟಿನ ಬೋಲ್ಟ್ ಸಡಿಲ, ಹೀಗೆ ಎಲ್ಲವೂ ತಮ್ಮ ಜಾಗದಲ್ಲಿ ತಾವಾಗಿ ಕೂತಿವೆಯೇ ಎಂದು ನೋಡಬೇಕು. ಬ್ರಾಕೆಟ್ಟಿನ ತೂತು ಚೌಕಟ್ಟಿನ ತೂತಿಗೆ ಅರ್ಧ ಬೆರಳು ಆಚೆಗಿದ್ದರೆ ಸೈಲೆನ್ಸರನ್ನು ಎಳೆದು ಹಿಡಿದು ಬೋಲ್ಟ್ ತೂರಿಸುವುದು ಸುಲಭ; ಹಾಗೆ ಮಾಡಿದ ಗಾಡಿಗಳಲ್ಲೇ ಕೆಲವು ತಿಂಗಳಲ್ಲಿ ಬ್ರಾಕೆಟ್ಟಿನ ಬೆಸುಗೆ ಬಿರುಕು ಬಿಡುವುದು. ತೂತನ್ನು ಉದ್ದ ಮಾಡಿಸಿ, ಇಲ್ಲವೇ ನಡುವೆ ವಾಷರ್ ಕೊಡಿ. ರಬ್ಬರ್ ಬುಷ್ ಇರುವ ಕಡೆ ಹೊಸದನ್ನೇ ಹಾಕಿ. ಬೆಸುಗೆ ಬೇಕಾದರೆ ಸೈಲೆನ್ಸರನ್ನು ಗಾಡಿಯಿಂದ ಇಳಿಸಿಯೇ ಮಾಡಿಸಿ. ಬಿಗಿ ಮಾಡುವ ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿ ತೆಗೆದು, ಬ್ರೇಕ್ ಪೆಡಲ್ ಪೂರ್ತಿ ತುಳಿದು, ಕಿಕ್ಕರನ್ನು ಕೊನೆಯವರೆಗೆ ಒತ್ತಿ, ಯಾವುದೂ ಸೈಲೆನ್ಸರಿಗೆ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಿಂದಿನ ಚಕ್ರದ ಆಕ್ಸಲ್ ಹೊರಗೆ ಎಳೆಯಲು ಜಾಗ ಉಳಿದಿದೆಯೇ ಎಂಬುದನ್ನೂ ಆಗಲೇ ನೋಡಿ, ಇಲ್ಲವಾದರೆ ದಾರಿಯಲ್ಲಿ ಪಂಕ್ಚರ್ ಆದ ದಿನ ಸೈಲೆನ್ಸರ್ ಬಿಚ್ಚಬೇಕಾದೀತು. ಆಮೇಲೆ ಮುಂದಿನ ನಟ್, ನಂತರ ಕ್ಲಾಂಪ್, ಕೊನೆಗೆ ಬ್ರಾಕೆಟ್, ಈ ಕ್ರಮದಲ್ಲಿ ಬಿಗಿ ಮಾಡಿ.

ಸ್ಟಾರ್ಟ್ ಮಾಡುವ ಮೊದಲು ಒಣ ಹತ್ತಿಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಪೈಪು ಮತ್ತು ಸೈಲೆನ್ಸರುಗಳ ಮೇಲಿನ ಬೆರಳ ಗುರುತು, ಗ್ರೀಸ್ ಕಲೆ ಎಲ್ಲವನ್ನೂ ಒರೆಸಿ, ಅದು ಪೂರ್ತಿ ಆರುವವರೆಗೆ ಕಾಯಿರಿ. ಮೊದಲ ಕಾವಿನಲ್ಲಿ ಆ ಗುರುತುಗಳು ಕ್ರೋಮಿನ ಮೇಲೆ ಸುಟ್ಟು ಕೂತರೆ ಮತ್ತೆ ಹೋಗುವುದಿಲ್ಲ. ಹೊಸ ಲೋಹದ ಮೇಲಿನ ಎಣ್ಣೆ ಸುಟ್ಟು ಸ್ವಲ್ಪ ಹೊತ್ತು ಹೊಗೆ, ವಾಸನೆ ಬರುವುದು ಸಹಜ. ಎಂಜಿನ್ ಕಾದು ತಣ್ಣಗಾದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ನೋಡಿ. ಮುಂದಿನ ನಟ್ ಬಹುತೇಕ ಸ್ವಲ್ಪ ತಿರುಗಿಯೇ ತಿರುಗುತ್ತದೆ. ಸೋರಿಕೆ ಇದ್ದರೆ ಹುಡುಕಬೇಕಾಗಿಲ್ಲ, ಎರಡು ದಿನದಲ್ಲಿ ಆ ಜೋಡಣೆಯ ಸುತ್ತ ಕರಿ ಎಣ್ಣೆಯ ಗೆರೆ ತಾನಾಗಿ ಮೂಡುತ್ತದೆ. ಹಿಂದಿನವರು ಅಲ್ಲಿ ಆಸ್ಬೆಸ್ಟಾಸ್ ಹಗ್ಗ ಸುತ್ತುತ್ತಿದ್ದರು. ಅದರ ದೂಳು ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಗ್ಲಾಸ್ ಫೈಬರ್ ಹಗ್ಗ ಅಥವಾ ಸೈಲೆನ್ಸರಿಗೆಂದೇ ಸಿಗುವ ಪೇಸ್ಟ್ ಬಳಸಿ. ಹಳೆಯ ಹಗ್ಗ ಸಿಕ್ಕರೆ ಒಣಗಿದ್ದಾಗ ಕೆರೆಯದೆ, ನೀರಿನಲ್ಲಿ ತೋಯಿಸಿ ತೆಗೆಯಿರಿ.

ಕೊನೆಯ ಕೆಲಸ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನದು, ಇದನ್ನು ಬಹಳ ಮಂದಿ ಮಾಡುವುದೇ ಇಲ್ಲ. ಹೊಸ ಸೈಲೆನ್ಸರ್ ಹಳೆಯದಕ್ಕಿಂತ ಸರಾಗವಾಗಿದ್ದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ವಿಪರೀತ ಕಾಯುತ್ತದೆ, ಅದರ ಕೊನೆ ಪಿಸ್ಟನ್ ಸೀಜ್ ಆಗುವುದರಲ್ಲಿ, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಲ್ಲುವುದರಲ್ಲಿ. ಹೊಸ ಪ್ಲಗ್ ಹಾಕಿ ಏರು ರಸ್ತೆಯೊಂದರಲ್ಲಿ, ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ದಾರಿಯಲ್ಲಿ, ಎಂಜಿನ್ನಿಗೆ ಭಾರ ಬೀಳುವಂತೆ ಸ್ವಲ್ಪ ದೂರ ಓಡಿಸಿ. ಹಿಂದೆ ಮುಂದೆ ವಾಹನವಿಲ್ಲದ ಕಡೆ ಕ್ಲಚ್ ಹಿಡಿದು ಇಗ್ನಿಷನ್ ಆರಿಸಿ, ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿಯ ತುದಿ ಕಾಫಿಪುಡಿಯ ಬಣ್ಣದಲ್ಲಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಅಥವಾ ಏರಿನಲ್ಲಿ ಟಿಣಿಟಿಣಿ ಸದ್ದು ಬಂದಿದ್ದರೆ ಕಾರ್ಬೊರೇಟರಿನೊಳಗಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ಆಗ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಲೂ ಅದೇ ದೂರು ಉಳಿದರೆ ಪೆಟ್ರೋಲ್ ಹಾದುಬರುವ ತೂತಿರುವ ಮೇನ್ ಜೆಟ್ಟನ್ನು ಒಂದು ಸೈಜ್ ದೊಡ್ಡದು ಮಾಡಿ. ಕರ್ರಗೆ ಒದ್ದೆಯಾಗಿದ್ದರೆ ಇದರ ವಿರುದ್ಧ ದಿಕ್ಕಿಗೆ ಹೋಗಬೇಕು. ಪ್ಲಗ್ಗಿನ ಬಣ್ಣ ಒಪ್ಪುವವರೆಗೆ ದೂರದ ಊರಿಗೆ ಹೊರಡಬೇಡಿ, ಹಳೆಯ ಜೋಡಿಯನ್ನು ಗುಜರಿಗೂ ಹಾಕಬೇಡಿ; ಹೊಸ ಬಾಫಲ್ ಕೈಕೊಟ್ಟರೆ ಹಳೆಯದನ್ನೇ ತೊಳೆದು ಹಾಕಿಕೊಳ್ಳಬಹುದು.