ಮೂವತ್ತೊಂದನೇ ಮಗು

ಜಗಳೂರು ತಾಲ್ಲೂಕಿನ ಎಸ್‌ಡಿಎಂಸಿ (ಸರ್ಕಾರಿ ಶಾಲೆಯ ಅಭಿವೃದ್ಧಿ, ಉಸ್ತುವಾರಿ ನೋಡುವ ಸಮಿತಿ) ಸದಸ್ಯರೊಬ್ಬರು ಬರೆದಿದ್ದಾರೆ: 'ನಮ್ಮ ಶಾಲೆಗೆ ವರ್ಷಕ್ಕೆ 10 ಸಾವಿರ, ದಾವಣಗೆರೆ ಪೇಟೆ ಶಾಲೆಗೆ 50 ಸಾವಿರ. ಬಡಮಕ್ಕಳಿರುವುದು ನಮ್ಮಲ್ಲಿ. ಅವರದನ್ನು ತೆಗೆದು ನಮಗೆ ಕೊಡಲಿ ಎಂದು ನೀವಾದರೂ ಬರೆಯಿರಿ.'

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸರಿ, ಅದು ತಿರುಗಿರುವ ದಿಕ್ಕು ಸರಿಯಿಲ್ಲ.

ಸರ್ಕಾರಿ ಶಾಲೆಗಳಿಗೆ ಹಣ ಕೊಡುವ 'ಸಮಗ್ರ ಶಿಕ್ಷಣ' ಯೋಜನೆಯ ಶಾಲಾ ಅನುದಾನ ಬರುವುದು ತಲೆ ಎಣಿಸಿ. 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, ಅಲ್ಲಿಂದ 250ರವರೆಗೆ 50,000. ನಿಮ್ಮಲ್ಲಿ ಮೊದಲು 31 ಮಕ್ಕಳಿದ್ದರು, ಈಗ 30 ಎಂದಿದ್ದೀರಿ. ಮಳೆ ಕೈಕೊಟ್ಟಿತು, ಒಂದು ಮನೆಯವರು ಗಾರೆ ಕೆಲಸಕ್ಕೆ ಬೆಂಗಳೂರು ಬಸ್ಸು ಹತ್ತಿದರು. ಆ ಮಗುವಿನ ಜೊತೆ 15,000 ರೂಪಾಯಿಯೂ ಬಸ್ಸು ಹತ್ತಿತು!

ಕೇಳಲು ಹೋದರೆ ಅಧಿಕಾರಿಗಳು, ನಿಮಗೆ ತಲೆಗೆ 333 ರೂಪಾಯಿ, 240 ಮಕ್ಕಳ ಶಾಲೆಗೆ ಬರೀ 208 ಎನ್ನುತ್ತಾರೆ. ಲೆಕ್ಕ ತಪ್ಪಲ್ಲ. ಆದರೆ ಮಕ್ಕಳು ಕಮ್ಮಿಯಾದರೆಂದು ಸೋರುವ ಹೆಂಚು ಕಮ್ಮಿ ಸೋರುತ್ತದೆಯೇ? ಆ ಹಣದಲ್ಲೇ ಶೇ 10 ಸ್ವಚ್ಛತೆಗೆ. ಅಂದರೆ ಫಿನಾಯಿಲು, ಪೊರಕೆ, ಬಕೆಟ್ಟು ಎಲ್ಲ ಸೇರಿ ವರ್ಷಕ್ಕೆ 1,000.

ಇನ್ನು ಪೇಟೆ ಶಾಲೆ. ಮಂಡಕ್ಕಿ ಭಟ್ಟಿಗಳ ಕಡೆಯ ಶಾಲೆಯೊಂದರಲ್ಲಿ ಪ್ರಾರ್ಥನೆಗೆ ನಿಂತ ಹುಡುಗನ ಕಿವಿಯ ಹಿಂದೆ ಭಟ್ಟಿಯ ಮಸಿ ಹಾಗೇ ಇದ್ದುದನ್ನು ನೋಡಿದ್ದೇನೆ. ಅವನದನ್ನು ಕಿತ್ತು ನಿಮಗೆ ಕೊಡಿ ಎಂದು ನಾನು ಬರೆಯಲಾರೆ. ಪ್ರತಿ ಶಾಲೆಗೂ ಕನಿಷ್ಠ ಇಷ್ಟು ಎಂದು ಮೊದಲು ಕೊಟ್ಟು, ಆಮೇಲೆ ಕಷ್ಟ ನೋಡಿ ಹೆಚ್ಚಿಗೆ ಕೊಡಿ ಎಂದು ಬೇಕಾದರೆ ಬರೆಯುತ್ತೇನೆ. ಅಳೆಯುವುದು ಹೇಗೆ ಎಂಬ ನೆಪ ಬೇಡ. 2002ರಲ್ಲೇ, ಪ್ರಾದೇಶಿಕ ಅಸಮಾನತೆ ಅಳೆಯಲು ರಾಜ್ಯ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದು ಹೇಳಿತ್ತು.

ನನ್ನನ್ನು ಕಾಡಿದ್ದು ನಿಮ್ಮ ಪತ್ರದ ಕೊನೆಯ ಸಾಲು. ಕಿವಿ ಕೇಳದ ಹುಡುಗಿಯೊಬ್ಬಳಿದ್ದಾಳೆ, ಯಂತ್ರ ಕೊಟ್ಟಿದ್ದಾರೆ, ಸೆಲ್ ಮುಗಿದು ಟ್ರಂಕಿನಲ್ಲಿದೆ ಎಂದು ಹಾಗೇ ಸುಮ್ಮನೆ ಬರೆದುಬಿಟ್ಟಿದ್ದೀರಿ. ಶಾಲಾ ಅನುದಾನಕ್ಕೆ ಅವಳೂ ಒಂದು ತಲೆ, ಅಷ್ಟೇ. ಆದರೆ ವಿಶೇಷ ಅಗತ್ಯದ ಮಕ್ಕಳಿಗೆಂದು ಅದೇ ಯೋಜನೆಯಲ್ಲಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಬೇರೆ ಇದೆ, ಅವರಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳ ಭತ್ಯೆಯೂ ಇದೆ. ಅವಳ ಹೆಸರು ಆ ಪಟ್ಟಿಯಲ್ಲಿದೆಯೇ? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ಕೇಳಿ, ಬಾಯಿಮಾತು ಬೇಡ. ಪ್ರತಿ ನಮಗೂ ಇರಲಿ. ಸೆಲ್ಲಿನ ನಂಬರು ಬರೆದು ಕಳಿಸಿ, ಇಲ್ಲಿ ಸಿಗುತ್ತದೆಯೇ ನೋಡುತ್ತೇನೆ.