ತರಕಾರಿಯ ಬಣ್ಣ ಕ್ಯಾನ್ಸರ್ ತಡೆಯುತ್ತದಾ? ಅದರ ಮಾತ್ರೆ ನುಂಗಬಹುದಾ?

ನೀವು ಕೇಳಿರುವುದು ಎರಡು ವಿಷಯ. ಕ್ಯಾರೆಟ್, ಟೊಮೆಟೊ, ಸೊಪ್ಪುಗಳಿಗೆ ಬಣ್ಣ ಕೊಡುವ ಅಂಶಗಳು ಕ್ಯಾನ್ಸರ್ ಬರದ ಹಾಗೆ ನೋಡಿಕೊಳ್ಳುತ್ತವಾ ಅನ್ನುವುದು ಒಂದು. ಹಾಗಿದ್ದರೆ ದಿನಾ ಅವುಗಳ ಮಾತ್ರೆಯನ್ನೇ ತೆಗೆದುಕೊಂಡರೆ ಸಾಕಲ್ವಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ನೀವು ಸಿಗರೇಟು ಸೇದುವವರಾಗಿದ್ದರೆ ಬೀಟಾ-ಕ್ಯಾರೋಟಿನ್ ಮಾತ್ರೆಯನ್ನಂತೂ ಮುಟ್ಟಲೇಬೇಡಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಕ್ಯಾರೆಟ್‌ಗೆ ಕಿತ್ತಳೆ ಬಣ್ಣ ಕೊಡುವುದು ಬೀಟಾ-ಕ್ಯಾರೋಟಿನ್. ಹಸಿರು, ಹಳದಿ ತರಕಾರಿ ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅನ್ನುವುದು ಹಲವು ಕಡೆ ಕಂಡುಬಂದಿತ್ತು. 1981ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮತ್ತು ಅವರ ಜೊತೆಗಾರರು ‘ನೇಚರ್’ ಪತ್ರಿಕೆಯಲ್ಲಿ ಈ ಪ್ರಶ್ನೆ ಎತ್ತಿದರು: ಇದು ಬೀಟಾ-ಕ್ಯಾರೋಟಿನ್‌ನ ಕೆಲಸ ಇರಬಹುದೇ? ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಇದೇ ಡಾಲ್. ಹಾಗಾಗಿ ಪ್ರಶ್ನೆಗೆ ತೂಕ ಇತ್ತು. ಪ್ರಯೋಗಗಳು ಶುರುವಾದವು.

ಫಿನ್ಲೆಂಡಿನಲ್ಲಿ 50ರಿಂದ 69 ವರ್ಷದ 29,133 ಗಂಡಸರನ್ನು ಆರಿಸಿಕೊಂಡರು. ಎಲ್ಲರೂ ಸಿಗರೇಟು ಸೇದುವವರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ-ಕ್ಯಾರೋಟಿನ್, ಉಳಿದವರಿಗೆ ಅದಿಲ್ಲದ ಮಾತ್ರೆ. ಐದರಿಂದ ಎಂಟು ವರ್ಷ ಇದು ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ಬೀಟಾ-ಕ್ಯಾರೋಟಿನ್ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ!

ಏನೋ ಆಕಸ್ಮಿಕ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಅಮೆರಿಕದ ಪ್ರಯೋಗವೂ ಅದೇ ದಾರಿ ಹಿಡಿಯಿತು. ಅಲ್ಲಿ ಸಿಗರೇಟು ಸೇದುವವರು, ಬಿಟ್ಟವರು, ಆಸ್‌ಬೆಸ್ಟಾಸ್ ಕೆಲಸ ಮಾಡಿದವರು ಸೇರಿ 18,314 ಜನ ಇದ್ದರು. ಬೀಟಾ-ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೂಡ ಕೊಡುತ್ತಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 28ರಷ್ಟು ಜಾಸ್ತಿ ಕಂಡಿತು. ಇನ್ನೂ 21 ತಿಂಗಳು ಬಾಕಿ ಇರುವಾಗಲೇ, 1996ರ ಜನವರಿಯಲ್ಲಿ, ಮಾತ್ರೆ ಕೊಡುವುದನ್ನು ನಿಲ್ಲಿಸಿದರು. ಅದೇ ಹೊತ್ತಿಗೆ ಸುಮಾರು 22,000 ವೈದ್ಯರ ಮೇಲೆ ನಡೆದ ಇನ್ನೊಂದು ಪ್ರಯೋಗ ಮುಗಿದಿತ್ತು. ಅವರಲ್ಲಿ ಸಿಗರೇಟು ಸೇದುವವರು ಕಡಿಮೆ. ಹನ್ನೆರಡು ವರ್ಷ ನುಂಗಿದರೂ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಯಾಕೆ ಹೀಗಾಯ್ತು? ತರಕಾರಿ ಚೆನ್ನಾಗಿ ತಿನ್ನುವವರು ಸಾಮಾನ್ಯವಾಗಿ ಸಿಗರೇಟು ಕಡಿಮೆ ಸೇದುತ್ತಾರೆ, ಓಡಾಡುತ್ತಾರೆ, ಕುಡಿಯುವುದೂ ಕಡಿಮೆ. ಅದರ ಶ್ರೇಯಸ್ಸೆಲ್ಲ ಒಂದು ಬಣ್ಣಕ್ಕೆ ಹೋಗಿತ್ತು. ಜೊತೆಗೆ ತರಕಾರಿಯಲ್ಲಿ ಬೀಟಾ-ಕ್ಯಾರೋಟಿನ್ ಒಂದೇ ಇರುವುದಿಲ್ಲ. ನಾರು, ಫೋಲೇಟ್, ವಿಟಮಿನ್ ಸಿ, ಹತ್ತಾರು ಬೇರೆ ಬಣ್ಣಗಳು ಇರುತ್ತವೆ. ಪ್ರಮಾಣವೂ ಮುಖ್ಯ. ಮಾತ್ರೆಯಲ್ಲಿ ಇದ್ದದ್ದು ದಿನದ ಊಟದಲ್ಲಿ ಸಿಗುವುದರ ಹಲವು ಪಟ್ಟು. ಅಷ್ಟೊಂದು ಬೀಟಾ-ಕ್ಯಾರೋಟಿನ್ ಹೊಗೆ ತುಂಬಿದ ಶ್ವಾಸಕೋಶದಲ್ಲಿ ಒಡೆದು, ಹಾನಿ ಮಾಡುವ ಚೂರುಗಳಾಗುತ್ತದೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ.

ಒಂದು ಅಪವಾದ ಇದೆ, ಅದನ್ನು ಮುಚ್ಚಿಡಬಾರದು. ಚೀನಾದ ಲಿನ್‌ಶಿಯಾನ್‌ನಲ್ಲಿ ಬೀಟಾ-ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ ಮೂರನ್ನೂ ಸೇರಿಸಿ ಕೊಟ್ಟಾಗ ಹೊಟ್ಟೆಯ ಕ್ಯಾನ್ಸರ್‌ನಿಂದ ಸಾಯುವವರು ಕಡಿಮೆಯಾದರು. ಆದರೆ ಅಲ್ಲಿಯವರಿಗೆ ಪೋಷಕಾಂಶಗಳ ಕೊರತೆ ಮೊದಲಿನಿಂದಲೂ ಇತ್ತು. ಕೊರತೆ ತುಂಬುವುದೇ ಬೇರೆ, ಸಾಕಷ್ಟು ಇರುವವರಿಗೆ ಇನ್ನಷ್ಟು ಸುರಿಯುವುದೇ ಬೇರೆ.

ಈಗ ಮೊದಲ ಪ್ರಶ್ನೆ. ಬಣ್ಣಗಳಿಗೆ ಕೆಲಸವೇ ಇಲ್ಲ ಅಂತಲ್ಲ. ಗಿಡದಲ್ಲಿ ಅವು ಬಿಸಿಲಿನ ಹೊಡೆತದಿಂದ ಎಲೆಯನ್ನು ಕಾಪಾಡುತ್ತವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅರಿಶಿನದ ಕರ್ಕ್ಯುಮಿನ್, ನೇರಳೆ ಹಣ್ಣುಗಳ ಆಂಥೋಸಯಾನಿನ್ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತವೆ. ಸುದ್ದಿಯಾಗುವುದು ಇದೇ. ಆದರೆ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆಂಥೋಸಯಾನಿನ್‌ನಲ್ಲೂ ಬಹುಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೇನೋ ಮಾಡಿಬಿಡುತ್ತವೆ. ಗಾಜಿನ ತಟ್ಟೆಗೆ ಕರುಳು ಇಲ್ಲವಲ್ಲ!

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಹಸಿರು. ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ನಿಂದ ತಯಾರಿಸುವ ಕ್ಲೋರೋಫಿಲಿನ್ ಅನ್ನುವ ವಸ್ತುವನ್ನು ಚೀನಾದ ಚಿಡಾಂಗ್‌ನಲ್ಲಿ ಪರೀಕ್ಷಿಸಿದರು. ಬೂಷ್ಟು ಹಿಡಿದ ಕಾಳಿನಲ್ಲಿರುವ ಅಫ್ಲಾಟಾಕ್ಸಿನ್ ವಿಷದಿಂದ ಅಲ್ಲಿ ಯಕೃತ್ತಿನ ಕ್ಯಾನ್ಸರ್ ಜಾಸ್ತಿ. 180 ಜನರ ಈ ಪ್ರಯೋಗದಲ್ಲಿ, ನಾಲ್ಕು ತಿಂಗಳು ಕ್ಲೋರೋಫಿಲಿನ್ ತೆಗೆದುಕೊಂಡವರ ಮೂತ್ರದಲ್ಲಿ, ಆ ವಿಷ ಡಿಎನ್‌ಎಗೆ ಮಾಡಿದ ಹಾನಿಯ ಗುರುತು ಶೇ. 55ರಷ್ಟು ಕಡಿಮೆ ಇತ್ತು. ವಿಷ ರಕ್ತಕ್ಕೆ ಸೇರುವ ಮೊದಲೇ ಕ್ಲೋರೋಫಿಲಿನ್ ಅದನ್ನು ಕರುಳಿನಲ್ಲಿ ಹಿಡಿದುಕೊಳ್ಳುತ್ತದೆ ಅನ್ನುವುದು ವಿವರಣೆ. ಆದರೂ ಅಳೆದದ್ದು ಗುರುತನ್ನು, ಕ್ಯಾನ್ಸರ್ ಅನ್ನು ಅಲ್ಲ.

ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಕಥೆಯೂ ಹೀಗೇ. ಟೊಮೆಟೊ ಸಾಸ್ ಚೆನ್ನಾಗಿ ತಿನ್ನುವ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಅಂತ 1995ರ ಅಮೆರಿಕದ ಅಧ್ಯಯನ ಹೇಳಿತು. ಆದರೆ ಲೈಕೋಪೀನ್ ಮಾತ್ರೆ ಕ್ಯಾನ್ಸರ್ ತಡೆಯುತ್ತದೆ ಅನ್ನಲು ನಂಬುವಂಥ ಪುರಾವೆ ಇಲ್ಲ ಎಂದು 2005ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ತೀರ್ಮಾನಿಸಿತು.

ಹಾಗಾದರೆ ಅಡುಗೆಮನೆಯಲ್ಲಿ ಏನು ಮಾಡುವುದು? ಟೊಮೆಟೊವನ್ನು ಎಣ್ಣೆಯಲ್ಲಿ ಬಾಡಿಸಿ ನೋಡಿ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಬಿಡುವ ಎಣ್ಣೆ ಕೆಂಪಗಾಗಿರುತ್ತದೆ. ಅದು ಲೈಕೋಪೀನ್. ಬಿಸಿಗೆ ಕೋಶ ಒಡೆದು, ಜಿಡ್ಡಿನಲ್ಲಿ ಕರಗಿ ಹೊರಗೆ ಬಂದಿದೆ. ದೇಹಕ್ಕೂ ಹೀಗೇ ಸುಲಭವಾಗಿ ಸಿಗುತ್ತದೆ. ಕ್ಯಾರೆಟ್ ಕೂಡ ಹಾಗೇ. ಬೀಟ್‌ರೂಟ್, ನೇರಳೆ ಕೋಸಿನ ಬಣ್ಣ ಮಾತ್ರ ನೀರಿಗೆ ಇಳಿಯುತ್ತದೆ. ಬೇಯಿಸಿದ ನೀರನ್ನು ಚೆಲ್ಲಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ. ಯಾವ ಬಣ್ಣ ಎಷ್ಟು ಅಂತ ಲೆಕ್ಕ ಇಟ್ಟು ತಲೆ ಕೆಡಿಸಿಕೊಳ್ಳಬೇಡಿ. ಸಿಗರೇಟು ಬಿಡುವುದರಿಂದ ಆಗುವ ಲಾಭದ ಮುಂದೆ ಇದು ಚಿಕ್ಕದು.

ಮನೆಯಲ್ಲಿ ಯಾರಿಗಾದರೂ ಈಗಾಗಲೇ ಚಿಕಿತ್ಸೆ ನಡೆಯುತ್ತಿದ್ದರೆ, ಅರಿಶಿನದ ಕ್ಯಾಪ್ಸೂಲ್ ಆಗಲಿ ಮತ್ತೊಂದಾಗಲಿ, ವೈದ್ಯರಿಗೆ ಹೇಳದೆ ಕೊಡಬೇಡಿ. ಕೆಲವು ಔಷಧಿಗಳ ಕೆಲಸಕ್ಕೆ ಅಡ್ಡ ಬರಬಹುದು.

ಇನ್ನೊಂದು ಮಾತು. ಕ್ಯಾರೆಟ್ ಜಾಸ್ತಿ ತಿಂದು ಅಂಗೈ ಹಳದಿಯಾದರೆ ಗಾಬರಿ ಬೇಡ, ಕಡಿಮೆ ಮಾಡಿದರೆ ಹೋಗುತ್ತದೆ. ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ ಅದು ಕ್ಯಾರೆಟ್ ಅಲ್ಲ, ಕಾಮಾಲೆ ಇರಬಹುದು. ಆಗ ತಡಮಾಡದೆ ತೋರಿಸಿ.