ಮುಖ್ಯಮಂತ್ರಿ ಬದಲಾದರು, ವಿಧಾನಸಭೆ ಯಾಕೆ ಬದಲಾಗಲಿಲ್ಲ?

ಪ್ರಶ್ನೆ: 2018ರಲ್ಲಿ ನಾನು ಮೊದಲ ಸಲ ವೋಟು ಹಾಕಿದ್ದು. ಮುಂದಿನ ಚುನಾವಣೆ ಬರುವಷ್ಟರಲ್ಲಿ ಮೂವರು ಮುಖ್ಯಮಂತ್ರಿಗಳಾಗಿದ್ದರು. ಮಧ್ಯದಲ್ಲಿ ಮತ್ತೆ ಚುನಾವಣೆ ಯಾಕೆ ಮಾಡಲಿಲ್ಲ? ನಮ್ಮ ಎಂಎಲ್‌ಎ ಆ ಐದು ವರ್ಷ ಸದನದಲ್ಲಿ ಏನು ಮಾಡಿದರು ಅಂತ ತಿಳಿಯೋದು ಹೇಗೆ ಸರ್?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ನೀವು ವೋಟು ಹಾಕಿದ್ದು ಶಾಸಕರಿಗೆ, ಮುಖ್ಯಮಂತ್ರಿಗಲ್ಲ ಅಲ್ವಾ? 224 ಜನರ ಸದನದಲ್ಲಿ ಬಹುಮತ ಯಾರ ಕಡೆ ಇದೆಯೋ ಅವರು ಸರ್ಕಾರ ನಡೆಸುತ್ತಾರೆ. ಬಹುಮತ ಹೋದರೆ ಸರ್ಕಾರ ಬೀಳುತ್ತದೆ, ಸದನ ಹಾಗೇ ಇರುತ್ತದೆ. ಮೊದಲ ಸಭೆಯಿಂದ ಐದು ವರ್ಷ ಅದರ ಆಯಸ್ಸು. ಮುಂಚೆಯೇ ವಿಸರ್ಜಿಸಬಹುದು, ಆದರೆ ಸರ್ಕಾರ ಮಾಡಲು ಇನ್ನೊಬ್ಬರು ತಯಾರಿದ್ದರೆ ಆ ಮಾತು ಬರುವುದಿಲ್ಲ.

ಆ ಸಲ ಬಿಜೆಪಿ 104 ಗೆದ್ದು ದೊಡ್ಡ ಪಕ್ಷವಾಯಿತು, ಬಹುಮತ ಸಿಗಲಿಲ್ಲ. ಯಡಿಯೂರಪ್ಪ ಮೇ 17ರಂದು ಪ್ರಮಾಣವಚನ ತೆಗೆದುಕೊಂಡು 19ರಂದು ರಾಜೀನಾಮೆ ಕೊಟ್ಟರು. ಕಾಂಗ್ರೆಸ್ ಬೆಂಬಲದಲ್ಲಿ ಕುಮಾರಸ್ವಾಮಿ ಬಂದರು. 2019ರ ಜುಲೈ 23ರಂದು 99–105ರಲ್ಲಿ ವಿಶ್ವಾಸಮತ ಸೋತರು. ಮತ್ತೆ ಯಡಿಯೂರಪ್ಪ, 2021ರ ಜುಲೈನಿಂದ ಬೊಮ್ಮಾಯಿ.

ಜನ ಈ ಮೂವರನ್ನೇ ನೋಡಿದರು. ನನ್ನ ಪ್ರಕಾರ ನೋಡಬೇಕಿದ್ದದ್ದು ಸ್ಪೀಕರ್ ಕುರ್ಚಿಯನ್ನು. ಸರ್ಕಾರ ಬಿದ್ದ ಕೆಲವೇ ದಿನದಲ್ಲಿ ಸ್ಪೀಕರ್ ರಮೇಶ್ ಕುಮಾರ್, ಆ ಸರ್ಕಾರದ ಕೈಬಿಟ್ಟ 17 ಶಾಸಕರನ್ನು ಅನರ್ಹ ಮಾಡಿದರು. ಆ ಸದನದ ಅವಧಿ ಮುಗಿಯುವ ತನಕ ಚುನಾವಣೆಗೂ ನಿಲ್ಲುವಂತಿಲ್ಲ ಎಂದರು. ಆಮೇಲೆ ರಾಜೀನಾಮೆ ಕೊಟ್ಟರು, ವಿಶ್ವೇಶ್ವರ ಹೆಗಡೆ ಕಾಗೇರಿ ಸ್ಪೀಕರ್ ಆದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ನಿಲ್ಲಬಾರದು ಅನ್ನುವ ಭಾಗವನ್ನು ಮಾತ್ರ ತೆಗೆದುಹಾಕಿತು. ಡಿಸೆಂಬರ್‌ನಲ್ಲಿ ಆ 17 ಕ್ಷೇತ್ರಗಳ ಪೈಕಿ 15ರಲ್ಲಿ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಅಂದರೆ ಮಧ್ಯದಲ್ಲಿ ಚುನಾವಣೆ ಆಗೇ ಇಲ್ಲ ಅನ್ನುವಂತಿಲ್ಲ. ಹಾಸನ, ಚಿಕ್ಕಮಗಳೂರಿನಲ್ಲಿ ಆಗಲಿಲ್ಲ ಅಷ್ಟೇ. ಚನ್ನರಾಯಪಟ್ಟಣದ ಪಕ್ಕದ ಕೆ.ಆರ್. ಪೇಟೆಯಲ್ಲೇ ಆಯಿತು.

ಈಗ ನಿಮ್ಮ ಎಂಎಲ್‌ಎ ವಿಷಯ. ಊರಿಗೆ ಕಾಂಕ್ರೀಟ್ ರಸ್ತೆ ಬಂತು, ಬಸ್ ತಂಗುದಾಣ ಬಂತು ಅನ್ನುವುದು ಬೇರೆ ಲೆಕ್ಕ. ಸದನದ ಕೆಲಸಕ್ಕೆ ವಿಧಾನಸಭೆಯ ವೆಬ್‌ಸೈಟಿನಲ್ಲಿ ಪ್ರಶ್ನೋತ್ತರ ತೆಗೆದು ನೋಡಿ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಹಾಳೆಯ ಎಡಗಡೆ ಅ, ಆ, ಇ ಎಂದು ಪ್ರಶ್ನೆ, ಬಲಗಡೆ ಉತ್ತರ. ಕಾಡಾನೆ ಕಾಟದ ಬಗ್ಗೆ ಕೇಳಿದ್ದಾರೆ ಅನ್ನಿ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅಂತ ಪ್ರಶ್ನೆ, ‘ಬಂದಿದೆ’ ಅಂತ ಉತ್ತರ! ಅಲ್ಲಿಗೇ ನಿಲ್ಲಿಸಬೇಡಿ. ಯಾವ ಊರಿಗೆ ಎಷ್ಟು ಪರಿಹಾರ, ಎಷ್ಟು ಅರ್ಜಿ ಬಾಕಿ ಅನ್ನುವ ಅಸಲು ಸಂಗತಿ ಉತ್ತರದ ಹಿಂದೆ ಲಗತ್ತಿಸಿದ ಅನುಬಂಧದಲ್ಲಿ ಇರುತ್ತದೆ. ಇಂಥ ವಿವರ ಹೊರಗೆ ತೆಗೆಸುವ ಪ್ರಶ್ನೆ ಒಂದಿದ್ದರೂ, ಸುಮ್ನೆ ಕೇಳಿದ ಹತ್ತು ಪ್ರಶ್ನೆಗಿಂತ ನಾನು ಅದಕ್ಕೇ ಜಾಸ್ತಿ ಅಂಕ ಕೊಡುತ್ತೇನೆ.

ಒಂದು ಎಚ್ಚರಿಕೆ. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅದೇ ಸದನದಲ್ಲಿ ಹೊಳೆನರಸೀಪುರದ ರೇವಣ್ಣ 2019ರ ಜುಲೈವರೆಗೆ ಸಚಿವರು, ಆಮೇಲೆ ವಿರೋಧ ಪಕ್ಷದ ಸಾಲಿನಲ್ಲಿ. ಚಿಕ್ಕಮಗಳೂರಿನ ಸಿ.ಟಿ. ರವಿ ಆಗ ವಿರೋಧ ಪಕ್ಷದಲ್ಲಿದ್ದವರು, ಅದೇ ವರ್ಷದ ಆಗಸ್ಟ್‌ನಲ್ಲಿ ಸಚಿವರಾದರು. ಇಬ್ಬರ ಪ್ರಶ್ನೆಗಳನ್ನು ಎಣಿಸಿ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಪ್ರಶ್ನೆ: ನಮ್ಮ ಕಡೆಯವರು ಯಾರಾದರೂ ಸ್ಪೀಕರ್ ಆಗಿದ್ದಾರಾ?
– ಓದುಗರು, ಮೂಡಿಗೆರೆ

ಉತ್ತರ: ನಿಮ್ಮ ತಾಲ್ಲೂಕಿನವರೇ ಆಗಿದ್ದಾರೆ, ಡಿ.ಬಿ. ಚಂದ್ರೇಗೌಡರು. 1978ರಲ್ಲಿ ಇಂದಿರಾ ಗಾಂಧಿಗೆ ಚಿಕ್ಕಮಗಳೂರು ಲೋಕಸಭಾ ಸೀಟು ಬಿಟ್ಟುಕೊಟ್ಟವರು. 1983ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು, ರಾಮಕೃಷ್ಣ ಹೆಗಡೆ ಸರ್ಕಾರದ ಕಾಲದಲ್ಲಿ ಸ್ಪೀಕರ್ ಆಗಿದ್ದರು. ವಿಧಾನ ಪರಿಷತ್ತಿನಲ್ಲಿ ಚಿಕ್ಕಮಗಳೂರಿನ ಎಂ.ಕೆ. ಪ್ರಾಣೇಶ್ 2021ರಲ್ಲಿ ಉಪಸಭಾಪತಿಯಾದರು.